ಟ್ವೆಂಟೆಯ ಹೆಣ್ಣುಮಕ್ಕಳು ನಡೆದು ಬಂದ ದಾರಿ

ನೆದರ್ಲೆಂಡ್ಸ್‌ನ ಪೂರ್ವದಂಚಿನಲ್ಲಿ, ಜರ್ಮನಿಯ ಗಡಿಗೆ ತಾಗಿಕೊಂಡಂತೆ ಟ್ವೆಂಟೆ ಎಂಬ ಸೀಮೆಯಿದೆ. ಎನ್‌ಸ್ಕೆಡೆ ಅದರ ದೊಡ್ಡ ಊರು. ಹೆಂಗೆಲೊ, ಅಲ್ಮೆಲೊ, ಓಲ್ಡೆನ್‌ಜಾಲ್ ಅಕ್ಕಪಕ್ಕದ ಪಟ್ಟಣಗಳು. ಒಂದು ಕಾಲಕ್ಕೆ ಇವೆಲ್ಲ ಹತ್ತಿ ಗಿರಣಿಗಳ ಊರುಗಳು. ಮನೆಯ ಗಂಡಸರು ಮಾತ್ರವಲ್ಲ, ಹರೆಯದ ಹೆಣ್ಣುಮಕ್ಕಳೂ ಗಿರಣಿಯ ಸೈರನ್ನಿಗೆ ಎದ್ದು ಹೊರಡುತ್ತಿದ್ದ ನಾಡು ಇದು. 1960ರ ದಶಕದಿಂದ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಸೀಮೆಗೆ ಮರುಜೀವ ಕೊಡಲೆಂದು 1961ರಲ್ಲಿ ಸರ್ಕಾರ ಇಲ್ಲಿ ತಾಂತ್ರಿಕ ವಿದ್ಯಾಲಯವನ್ನು ಸ್ಥಾಪಿಸಿತು. 1965ರಲ್ಲಿ ಊರಿನ ಎರಡು ಫುಟ್‌ಬಾಲ್ ಕ್ಲಬ್‌ಗಳು, ಸ್ಪೋರ್ಟ್‌ಕ್ಲಬ್ ಎನ್‌ಸ್ಕೆಡೆ ಮತ್ತು ಎನ್‌ಸ್ಕೆಡೆಸೆ ಬಾಯ್ಸ್, ಒಂದಾಗಿ ಎಫ್‌ಸಿ ಟ್ವೆಂಟೆ ಹುಟ್ಟಿತು. ಊರಿನ ಹೆಸರನ್ನು ಬಿಟ್ಟು ಇಡೀ ಸೀಮೆಯ ಹೆಸರನ್ನು ಇಟ್ಟುಕೊಂಡಿದ್ದರಲ್ಲೇ ಆ ಕ್ಲಬ್ಬಿನ ಮನಸ್ಸು ಕಾಣುತ್ತದೆ. ಕೆಂಪು ಜೆರ್ಸಿ, ಎದೆಯ ಲಾಂಛನದಲ್ಲಿ ಮುಂಗಾಲೆತ್ತಿದ ಬಿಳಿ ಕುದುರೆ. ಅಲ್ಲಿನವರು ತಮ್ಮನ್ನು ತಾವು ‘ಟುಕ್ಕರ್’ ಎಂದು ಕರೆದುಕೊಳ್ಳುತ್ತಾರೆ. ಮಾತು ಕಡಿಮೆ, ಹಟ ಜಾಸ್ತಿ ಎಂಬ ಖ್ಯಾತಿ ಅವರಿಗಿದೆ.

ಈ ಲೇಖನ ಆ ಕೆಂಪು ಜೆರ್ಸಿಯನ್ನು 2007ರಿಂದ ತೊಟ್ಟ ಹೆಣ್ಣುಮಕ್ಕಳದ್ದು. ಎರಡು ದಶಕದ ಹೊಸ್ತಿಲಲ್ಲಿರುವ ಎಫ್‌ಸಿ ಟ್ವೆಂಟೆ ಮಹಿಳಾ ತಂಡ 2025ರ ವೇಳೆಗೆ ಹತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದು, ನೆದರ್ಲೆಂಡ್ಸ್‌ನ ಮಹಿಳಾ ಲೀಗಿನಲ್ಲಿ ಎಲ್ಲರಿಗಿಂತ ಮುಂದಿದೆ. ಸ್ಮರಣ ಸಂಚಿಕೆ ಎಂದ ಮೇಲೆ ಟ್ರೋಫಿಗಳ ಪಟ್ಟಿ ಇರಲೇಬೇಕು, ಅದು ಮುಂದೆ ಬರುತ್ತದೆ. ಆದರೆ ಈ ತಂಡದ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಗೆದ್ದ ಟ್ರೋಫಿಗಳಿಗಿಂತ ಒಂದು ದಿನವೂ ಬಾಗಿಲು ಮುಚ್ಚದೆ ಉಳಿದದ್ದೇ ದೊಡ್ಡ ಸಂಗತಿ ಎನಿಸುತ್ತದೆ. ಜೊತೆಯಲ್ಲಿ ಹೊರಟ ಹಲವರು ನಡುದಾರಿಯಲ್ಲೇ ನಿಂತರು. ಇವರು ನಿಲ್ಲಲಿಲ್ಲ.

1896–1971: ಮೈದಾನದ ಹೊರಗೆ

ಡಚ್ಚರ ನಾಡು ಉದಾರವಾದದ್ದು ಎಂಬ ಹೆಸರಿದೆ. ಫುಟ್‌ಬಾಲ್ ಮೈದಾನದ ಮಟ್ಟಿಗೆ ಆ ಔದಾರ್ಯ ಬಹಳ ತಡವಾಗಿ ಬಂತು. 1896ರಲ್ಲಿ ರಾಟರ್‌ಡ್ಯಾಮ್‌ನ ಸ್ಪಾರ್ಟಾ ಕ್ಲಬ್ಬು ಇಂಗ್ಲೆಂಡಿನಿಂದ ಬರಲಿದ್ದ ಮಹಿಳಾ ತಂಡದೊಂದಿಗೆ ಪಂದ್ಯ ಏರ್ಪಡಿಸಲು ಹೊರಟಾಗ ಡಚ್ ಫುಟ್‌ಬಾಲ್ ಸಂಸ್ಥೆ ಅದಕ್ಕೆ ತಡೆಯೊಡ್ಡಿತು. ಮುಂದಿನ ಮುಕ್ಕಾಲು ಶತಮಾನ ಆ ನಿಲುವು ಹೆಚ್ಚೇನೂ ಸಡಿಲಲಿಲ್ಲ. 1955ರಲ್ಲಿ ಹೆಣ್ಣುಮಕ್ಕಳೇ ಸೇರಿ ಬೇರೊಂದು ಸಂಘ ಕಟ್ಟಿಕೊಂಡು ಆಡಲು ಹೊರಟರು. ಆಗ ರಾಷ್ಟ್ರೀಯ ಸಂಸ್ಥೆಯಾದ ಕೆಎನ್‌ವಿಬಿ ತನ್ನ ಸದಸ್ಯ ಕ್ಲಬ್‌ಗಳು ಅವರಿಗೆ ಮೈದಾನ ಕೊಡಕೂಡದೆಂದು ಹೇಳಿತು. ಆಟವನ್ನೇ ನಿಷೇಧಿಸಬೇಕಾದ ಅಗತ್ಯವಿರಲಿಲ್ಲ. ಆಡುವ ಜಾಗ ಸಿಗದಂತೆ ಮಾಡಿದರೆ ಸಾಕಿತ್ತು. ಆ ಸಂಘ ಹೆಚ್ಚು ದಿನ ಬಾಳಲಿಲ್ಲ.

ಮೈದಾನದ ಈ ಪ್ರಶ್ನೆಯನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು. ಮುಂದೆ ಟ್ವೆಂಟೆಯ ಕಥೆಯಲ್ಲೂ ಯಾರ ಅಂಗಳದಲ್ಲಿ, ಯಾವ ಹೊತ್ತಿನಲ್ಲಿ, ಯಾರ ಅಭ್ಯಾಸ ಮುಗಿದ ಮೇಲೆ ಆಡುವುದು ಎಂಬ ಸಂಗತಿ ಮತ್ತೆ ಮತ್ತೆ ತಲೆ ಎತ್ತುತ್ತದೆ.

1971ರಲ್ಲಿ ಗಾಳಿ ತಿರುಗಿತು. ಆ ವರ್ಷ ಏಪ್ರಿಲ್ 17ರಂದು ಫ್ರಾನ್ಸ್‌ನ ಆಜ್‌ಬ್ರುಕ್ ಎಂಬ ಊರಿನಲ್ಲಿ ಡಚ್ ವನಿತೆಯರು ಫ್ರಾನ್ಸ್ ತಂಡದೆದುರು ಆಡಿ 4–0ಯಿಂದ ಸೋತರು. ಫಿಫಾ ಮಾನ್ಯತೆ ಪಡೆದ ಮೊದಲ ಮಹಿಳಾ ಅಂತರರಾಷ್ಟ್ರೀಯ ಪಂದ್ಯ ಅದು. ಸೋತರೂ ದಾಖಲೆಯ ಪುಸ್ತಕದ ಮೊದಲ ಪುಟದಲ್ಲಿ ಅವರ ಹೆಸರಿದೆ. ಅದೇ ವರ್ಷ ಕೆಎನ್‌ವಿಬಿ ಮಹಿಳಾ ಫುಟ್‌ಬಾಲನ್ನು ತನ್ನ ಮಡಿಲಿಗೆ ತೆಗೆದುಕೊಂಡಿತು.

1971–2007: ಹವ್ಯಾಸಿಗಳ ಕಾಲ

ಮುಂದಿನ ಮೂವತ್ತಾರು ವರ್ಷ ಮಹಿಳೆಯರ ಫುಟ್‌ಬಾಲ್ ಹವ್ಯಾಸಿ ಕ್ಲಬ್‌ಗಳ ಆಸರೆಯಲ್ಲಿ ಬೆಳೆಯಿತು. ಸಾಸೆನ್‌ಹೈಮ್‌ನ ಟೆರ್ ಲೀಡೆ, ಜೈಸ್ಟ್‌ನ ಸೇಸ್ಟಮ್ ಮುಂತಾದ ಸಣ್ಣ ಊರಿನ ಕ್ಲಬ್‌ಗಳೇ ಆಗಿನ ದಿಗ್ಗಜರು. ಮುಂದೆ ನೆದರ್ಲೆಂಡ್ಸ್‌ಗೂ ಇಂಗ್ಲೆಂಡಿಗೂ ಯುರೋಪಿನ ಕಿರೀಟ ತಂದುಕೊಟ್ಟ ಕೋಚ್ ಸರೀನಾ ವೀಗ್‌ಮನ್ ಆಟಗಾರ್ತಿಯಾಗಿ ಹೆಸರು ಮಾಡಿದ್ದು ಟೆರ್ ಲೀಡೆಯಲ್ಲಿ.

ಆ ವ್ಯವಸ್ಥೆಯ ಒಂದು ಒಳ್ಳೆಯ ಗುಣವನ್ನು ಹೇಳಬೇಕು. ಡಚ್ ಕ್ಲಬ್‌ಗಳಲ್ಲಿ ಹುಡುಗ ಹುಡುಗಿಯರು ಒಂದೇ ತಂಡದಲ್ಲಿ ಆಡುತ್ತ ಬೆಳೆಯುವ ರೂಢಿಯಿದೆ. ನಂತರ ಜಗತ್ತಿನ ದೊಡ್ಡ ಸ್ಟ್ರೈಕರ್‌ಗಳಲ್ಲಿ ಒಬ್ಬಳೆನಿಸಿದ ವಿವಿಯಾನೆ ಮಿಡೆಮಾ ಕೂಡ ಹುಡುಗರ ನಡುವೆಯೇ ಆಡಿ ಬಂದವಳು. ತೊಡಕು ಶುರುವಾಗುತ್ತಿದ್ದುದು ಹದಿನೈದು ಹದಿನಾರು ದಾಟಿದ ಮೇಲೆ. ಪಕ್ಕದಲ್ಲಿ ಆಡುತ್ತಿದ್ದ ಹುಡುಗನಿಗೆ ಅಯಾಕ್ಸೋ ಪಿಎಸ್‌ವಿಯೋ ಟ್ವೆಂಟೆಯೋ ಬುಲಾವ್ ಕಳಿಸುತ್ತಿತ್ತು. ಅವನಷ್ಟೇ ಚೆನ್ನಾಗಿ ಆಡುವ ಹುಡುಗಿಗೆ ಹೋಗಲು ಜಾಗವಿರಲಿಲ್ಲ. ವಾರಕ್ಕೆರಡು ಸಂಜೆ ಅಭ್ಯಾಸ, ಶನಿವಾರ ಅಥವಾ ಭಾನುವಾರ ಪಂದ್ಯ, ಸೋಮವಾರ ಮತ್ತೆ ಕಾಲೇಜು ಇಲ್ಲವೇ ಕೆಲಸ. ದೇಹ ಬಲಿತು ಆಟ ಹದಕ್ಕೆ ಬರುವ ವಯಸ್ಸಿನಲ್ಲೇ ಅಭ್ಯಾಸ ತೆಳುವಾಗುತ್ತಿತ್ತು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಜರ್ಮನಿ, ನಾರ್ವೆ, ಸ್ವೀಡನ್ ತಂಡಗಳೆದುರು ಡಚ್ಚರು ಬಸವಳಿಯುತ್ತಿದ್ದುದಕ್ಕೆ ಪ್ರತಿಭೆಯ ಕೊರತೆ ಕಾರಣವಾಗಿರಲಿಲ್ಲ. 2004ರಲ್ಲಿ ರಾಷ್ಟ್ರೀಯ ತಂಡದ ಹೊಣೆ ಹೊತ್ತ ಮಾಜಿ ಆಟಗಾರ್ತಿ ವೆರಾ ಪೌ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು.

2007: ಆರು ತಂಡಗಳು

ಮದ್ದು ಸರಳವಾಗಿತ್ತು: ಪುರುಷರ ವೃತ್ತಿಪರ ಕ್ಲಬ್‌ಗಳ ಬಾಗಿಲನ್ನು ಹೆಣ್ಣುಮಕ್ಕಳಿಗೂ ತೆರೆಯುವುದು. ಅವರ ಅಭ್ಯಾಸದ ಮೈದಾನ, ಫಿಸಿಯೋ, ವೈದ್ಯರು, ಜಿಮ್, ಎಲ್ಲಕ್ಕಿಂತ ಮಿಗಿಲಾಗಿ ಅವರ ಹೆಸರು, ಇಷ್ಟು ಸಿಕ್ಕರೆ ಅರ್ಧ ದಾರಿ ಸವೆದಂತೆ. ಕೆಎನ್‌ವಿಬಿ 2007ರಲ್ಲಿ ‘ಎರೆಡಿವಿಸಿ ವ್ರೌವೆನ್’ ಎಂಬ ಮಹಿಳಾ ಲೀಗನ್ನು ಆರಂಭಿಸಿದಾಗ ಆರು ಕ್ಲಬ್‌ಗಳು ಮುಂದೆ ಬಂದವು: ಹೇಗ್ ನಗರದ ಎಡಿಒ, ಅಲ್ಕ್‌ಮಾರ್‌ನ ಎಜೆಡ್, ಎಫ್‌ಸಿ ಉಟ್ರೆಕ್ಟ್, ಹೀರೆನ್‌ವೀನ್, ಟಿಲ್‌ಬರ್ಗ್‌ನ ವಿಲೆಮ್ 2 ಮತ್ತು ಎಫ್‌ಸಿ ಟ್ವೆಂಟೆ. ಅಯಾಕ್ಸ್, ಪಿಎಸ್‌ವಿ, ಫೆಯೆನೂರ್ಡ್ ಎಂಬ ಮೂರು ದೊಡ್ಡ ಮನೆಗಳು ದೂರದಿಂದಲೇ ನೋಡುತ್ತ ನಿಂತವು. ಹೊಸ ಸಾಹಸಕ್ಕೆ ಕೈಹಾಕಿದ್ದು ಮಧ್ಯಮ ಗಾತ್ರದ, ತಮ್ಮ ಸೀಮೆಯ ಜನರನ್ನೇ ನೆಚ್ಚಿಕೊಂಡ ಕ್ಲಬ್‌ಗಳು ಎಂಬುದನ್ನು ಮರೆಯುವಂತಿಲ್ಲ. ಫೆಯೆನೂರ್ಡ್ ಲೀಗಿಗೆ ಕಾಲಿಟ್ಟದ್ದು 2021ರಲ್ಲಿ, ಹದಿನಾಲ್ಕು ವರ್ಷ ಕಳೆದ ಮೇಲೆ.

ಟ್ವೆಂಟೆ ಈ ಆರರಲ್ಲಿ ಒಂದಾಗಲು ಅದರದೇ ಆದ ಕಾರಣಗಳಿದ್ದವು. ಸುತ್ತಲಿನ ಪಟ್ಟಣ ಹಳ್ಳಿಗಳಲ್ಲಿ ಹುಡುಗಿಯರ ಫುಟ್‌ಬಾಲ್ ಬೇರುಬಿಟ್ಟಿತ್ತು. ಪಶ್ಚಿಮದ ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್‌ಗಳ ಎದುರು ‘ನಾವೂ ಇದ್ದೇವೆ’ ಎಂದು ತೋರಿಸುವ ಛಲ ಗಡಿಸೀಮೆಗೆ ಮೊದಲಿನಿಂದಲೂ ಇದ್ದದ್ದೇ. ಆರಂಭದ ವರ್ಷಗಳಲ್ಲಿ ತಂಡದ ತರಬೇತಿಯ ಹೊಣೆ ಹೊತ್ತ ಮೇರಿ ಕೊಕ್-ವಿಲೆಮ್ಸನ್ ಅವರಿಗೆ ಸಿಕ್ಕಿದ್ದು ಬೇರೆ ಬೇರೆ ಹವ್ಯಾಸಿ ಕ್ಲಬ್‌ಗಳಿಂದ ಬಂದ, ಒಟ್ಟಿಗೆ ಎಂದೂ ಆಡದ ಹುಡುಗಿಯರ ಗುಂಪು.

ಲೀಗಿನ ಸಮತೋಲ ಕೆಡಬಾರದೆಂದು ಒಳ್ಳೆಯ ಆಟಗಾರ್ತಿಯರನ್ನು ಆರೂ ಕ್ಲಬ್‌ಗಳಿಗೆ ಹಂಚುವ ಏರ್ಪಾಡು ಆಗ ಇತ್ತು. ಹಂಚಿಕೆ ಎಂದ ಮೇಲೆ ಯಾರಿಗೆ ಯಾರು ಎಂಬ ತಕರಾರು ಇಲ್ಲದೆ ಇರುತ್ತದೆಯೇ? ಇದ್ದಿರಲೇಬೇಕು. ಅದನ್ನೆಲ್ಲ ಕೆದಕಿ ಪ್ರಯೋಜನವಿಲ್ಲ. ಲೀಗು ನಿಂತಿತು, ಅದು ಮುಖ್ಯ.

ವೃತ್ತಿಪರ ಎಂಬ ಮಾತನ್ನು ಆ ದಿನಗಳ ಮಟ್ಟಿಗೆ ಸ್ವಲ್ಪ ಹುಷಾರಾಗಿ ಬಳಸಬೇಕು. ಕ್ಲಬ್ಬು ವೃತ್ತಿಪರವಾಗಿತ್ತು, ಅಭ್ಯಾಸವೂ ಬಹುಮಟ್ಟಿಗೆ ಹಾಗೇ ಇತ್ತು. ಸಂಬಳ ಮಾತ್ರ ಆ ಮಟ್ಟದಲ್ಲಿರಲಿಲ್ಲ. ಹೆಚ್ಚಿನವರು ಓದುತ್ತಲೋ ದುಡಿಯುತ್ತಲೋ ಆಡುತ್ತಿದ್ದರು. ಬಿಸಿಲು ಕಮ್ಮಿಯಾದ ಮೇಲೆ ಶುರುವಾಗುವ ಅಭ್ಯಾಸ, ಚಳಿಗಾಲದಲ್ಲಿ ಫ್ಲಡ್‌ಲೈಟಿನ ಕೆಳಗೆ ಮುಂದುವರಿಯುವ ಅಭ್ಯಾಸ. ಪಂದ್ಯಗಳು ಬಹುಪಾಲು ಎನ್‌ಸ್ಕೆಡೆ, ಹೆಂಗೆಲೊಗಳ ಸಣ್ಣ ಮೈದಾನಗಳಲ್ಲಿ ನಡೆಯುತ್ತಿದ್ದವು. ಪುರುಷರ ದೊಡ್ಡ ಕ್ರೀಡಾಂಗಣದ ಬಾಗಿಲು ವಿಶೇಷ ದಿನಗಳಿಗೆ ಮಾತ್ರ. ದೊಡ್ಡ ಮನೆಯ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದಂತಹ ಬದುಕು. ಹಾಗೆಂದು ಕೊರಗುತ್ತ ಕೂರಲಿಲ್ಲ: ಮೊದಲ ಋತುವಿನಲ್ಲೇ, 2008ರಲ್ಲಿ, ಕೆಎನ್‌ವಿಬಿ ಕಪ್ ಟ್ವೆಂಟೆಯ ಪಾಲಾಯಿತು. ಕ್ಲಬ್ಬಿನ ಕಪಾಟಿಗೆ ಹೆಣ್ಣುಮಕ್ಕಳು ತಂದಿಟ್ಟ ಮೊದಲ ಟ್ರೋಫಿ ಅದು.

ಹೊಸ ಲೀಗಿನ ಫಲ ರಾಷ್ಟ್ರೀಯ ತಂಡದಲ್ಲಿ ಬಲುಬೇಗ ಕಂಡಿತು. 2009ರಲ್ಲಿ ಮೊಟ್ಟಮೊದಲ ಬಾರಿಗೆ ಯುರೋ ಟೂರ್ನಿಗೆ ಅರ್ಹತೆ ಪಡೆದ ಡಚ್ ವನಿತೆಯರು ಸೆಮಿಫೈನಲ್‌ವರೆಗೆ ಹೋಗಿ, ಇಂಗ್ಲೆಂಡ್ ಎದುರು ಹೆಚ್ಚುವರಿ ಸಮಯದಲ್ಲಿ ಸೋತರು.

2008–2011: ಕಟ್ಟಡ ಬೆಳೆಯಿತು, ತಂಡವೂ ಬೆಳೆಯಿತು

ಎಫ್‌ಸಿ ಟ್ವೆಂಟೆಯ ಪಾಲಿಗೆ ಇವು ಏರುಗಾಲದ ವರ್ಷಗಳು. ಹಳೆಯ ಡೀಕ್‌ಮನ್ ಮೈದಾನವನ್ನು ಬಿಟ್ಟು 1998ರಲ್ಲಿ ಕ್ಲಬ್ಬು ವಿಶ್ವವಿದ್ಯಾಲಯದ ಮಗ್ಗುಲಿಗೆ ಕಟ್ಟಿಕೊಂಡ ಕ್ರೀಡಾಂಗಣ ಮೊದಲು ಹದಿಮೂರು ಸಾವಿರ ಜನರಿಗೆ ಸಾಕಾಗುವಷ್ಟಿತ್ತು. 2008ರಲ್ಲಿ ಅದನ್ನು ಸುಮಾರು ಇಪ್ಪತ್ತನಾಲ್ಕು ಸಾವಿರ ಆಸನಗಳಿಗೆ ಹಿಗ್ಗಿಸಿದರು; ಊರಿನ ಬಿಯರ್ ಕಂಪನಿಯ ಹೆಸರು ಸೇರಿ ಅದು ‘ಗ್ರೋಲ್ಶ್ ವೆಸ್ಟೆ’ ಆಯಿತು. 2010ರಲ್ಲಿ ಪುರುಷರ ತಂಡ ಸ್ಟೀವ್ ಮೆಕ್‌ಲಾರೆನ್ ಅವರ ತರಬೇತಿಯಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಚಾಂಪಿಯನ್ ಆದಾಗ ಇಡೀ ಸೀಮೆ ಬೀದಿಗಿಳಿದು ಕುಣಿದಿತ್ತು.

ಅದರ ಮರುವರ್ಷವೇ ಹೆಣ್ಣುಮಕ್ಕಳ ಸರದಿ. ಲೀಗಿನ ಮೊದಲ ಮೂರು ವರ್ಷ ಸತತವಾಗಿ ಗೆದ್ದಿದ್ದ ಎಜೆಡ್ ತಂಡವನ್ನು ಹಿಂದಿಕ್ಕಿ 2010–11ರ ಪ್ರಶಸ್ತಿಯನ್ನು ಟ್ವೆಂಟೆ ಮುಡಿಗೇರಿಸಿಕೊಂಡಿತು. ಆದರೆ ಆ ಋತುವಿನಲ್ಲಿ ಸುದ್ದಿಯಾದದ್ದು ಬೇರೆಯೇ. ಮೂರು ಬಾರಿಯ ಚಾಂಪಿಯನ್ ಎಜೆಡ್, ಖರ್ಚು ತೂಗಿಸಲಾಗದೆಂದು ತನ್ನ ಮಹಿಳಾ ತಂಡವನ್ನೇ ಮುಚ್ಚುವುದಾಗಿ ಹೇಳಿತು. ವಿಲೆಮ್ 2 ಕೂಡ ಅದೇ ಹಾದಿ ಹಿಡಿಯಿತು. 2008ರಲ್ಲಿ ಸೇರಿದ್ದ ರೋಡಾ ಜೆಸಿ ಅದಕ್ಕೂ ಮೊದಲೇ ಒಂದೇ ಋತು ಆಡಿ ಹಿಂದೆ ಸರಿದಿತ್ತು. ಟ್ರೋಫಿ ಗೆಲ್ಲುವುದರಿಂದ ತಂಡ ಉಳಿಯುತ್ತದೆ ಎಂಬ ಖಾತರಿ ಮಹಿಳಾ ಫುಟ್‌ಬಾಲಿನಲ್ಲಿಲ್ಲ ಎಂಬುದು ಟ್ವೆಂಟೆಗೆ ತನ್ನ ಮೊದಲ ಪ್ರಶಸ್ತಿಯ ಜೊತೆಗೇ ಸಿಕ್ಕ ಪಾಠ.

ಆ ಬೇಸಿಗೆಯಲ್ಲೇ ದುಃಖದ ದಿನವೊಂದು ಬಂತು. ಕ್ರೀಡಾಂಗಣವನ್ನು ಮೂವತ್ತು ಸಾವಿರಕ್ಕೆ ವಿಸ್ತರಿಸುವ ಕೆಲಸ ನಡೆಯುತ್ತಿದ್ದಾಗ, 2011ರ ಜುಲೈ 7ರಂದು, ಕಟ್ಟುತ್ತಿದ್ದ ಚಾವಣಿಯ ಭಾಗ ಕುಸಿದು ಇಬ್ಬರು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಪಟಾಕಿ ಗೋದಾಮಿನ ಸ್ಫೋಟದಲ್ಲಿ 2000ನೇ ಇಸವಿಯಲ್ಲಿ ಇಪ್ಪತ್ಮೂರು ಜನರನ್ನು ಕಳೆದುಕೊಂಡಿದ್ದ ಎನ್‌ಸ್ಕೆಡೆಗೆ ಇದು ಹಳೆಯ ಗಾಯವನ್ನು ಕೆರೆದಂತಾಯಿತು. ಕೆಲವೇ ತಿಂಗಳಲ್ಲಿ ಟ್ವೆಂಟೆ ವನಿತೆಯರು ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಮೊದಲ ಬಾರಿ ಕಣಕ್ಕಿಳಿದರು. ರಷ್ಯಾದ ರೊಸ್ಸಿಯಾಂಕಾ ತಂಡ ಅವರನ್ನು ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿತು.

2012–2015: ಗಡಿಯಾಚೆಯ ನೆಂಟಸ್ತನ

ಕ್ಲಬ್‌ಗಳು ಹೀಗೆ ಉದುರತೊಡಗಿದಾಗ ಕೆಎನ್‌ವಿಬಿ ನೆರೆಯ ಬೆಲ್ಜಿಯಂ ಜೊತೆ ಸೇರಿ ‘ಬೆನೆ ಲೀಗ್’ ಎಂಬ ಜಂಟಿ ಪಂದ್ಯಾವಳಿ ಹೂಡಿತು. ಎರಡು ದೇಶಗಳಿಂದ ಎಂಟೆಂಟು ತಂಡ, ಒಟ್ಟು ಹದಿನಾರು. ಹೊರಗೆ ನಿಂತಿದ್ದ ಅಯಾಕ್ಸ್ ಮತ್ತು ಪಿಎಸ್‌ವಿ ಒಳಬಂದದ್ದು ಈ ಹೊತ್ತಿನಲ್ಲೇ.

ಈ ಘಟ್ಟಕ್ಕೆ ಟ್ವೆಂಟೆಯ ಕೋಚ್ ಆಗಿ ಬಂದವರು ಆರ್ಯನ್ ವ್ಯೂರಿಂಕ್. ಅವರ ಕೈಯಲ್ಲಿ ತಂಡ ಪಳಗಿತು. ಮಿಡ್‌ಫೀಲ್ಡಿನಲ್ಲಿ ಶೆರಿಡಾ ಸ್ಪಿಟ್ಸೆ, ಅಲ್ಮೆಲೊ ಸೀಮೆಯವರೇ ಆದ ಅನೌಕ್ ಡೆಕ್ಕರ್, ಬಲ ಬದಿಯಲ್ಲಿ ಮಿಂಚಿನಂತೆ ಓಡುವ ಶನೀಸ್ ವಾನ್ ಡೆ ಸಾಂಡನ್, ಗೋಲು ಹೊಡೆಯಲು ಎಲೆನ್ ಯಾನ್ಸನ್. 2013ರಲ್ಲಿ ಓಲ್ಡೆನ್‌ಜಾಲ್‌ನ ಹದಿಹರೆಯದ ಹುಡುಗಿ ಜಿಲ್ ರೂರ್ಡ್ ಮೊದಲ ತಂಡಕ್ಕೆ ಬಂದಳು. ಬೆನೆ ಲೀಗ್‌ನ ಮೊದಲ ಎರಡು ಪ್ರಶಸ್ತಿಗಳೂ ಟ್ವೆಂಟೆಗೆ ದಕ್ಕಿದವು. ಮೂರನೆಯದನ್ನು ಬೆಲ್ಜಿಯಂನ ಸ್ಟಾಂಡರ್ಡ್ ಲಿಯೇಜ್ ಗೆದ್ದರೂ, ಡಚ್ ತಂಡಗಳಲ್ಲಿ ಮೊದಲಿಗರಾದ ಕಾರಣ 2015ರ ರಾಷ್ಟ್ರೀಯ ಪ್ರಶಸ್ತಿ ಟ್ವೆಂಟೆಯದೇ ಆಯಿತು. ಆ ವರ್ಷ ಕೆಎನ್‌ವಿಬಿ ಕಪ್ಪೂ ಜೊತೆಗೂಡಿತು.

ಜಂಟಿ ಲೀಗು ಮೂರು ವರ್ಷಕ್ಕೆ ಮುಗಿಯಿತು. ದೂರದ ಪ್ರಯಾಣ, ತಂಡಗಳ ನಡುವಿನ ಅಂತರ, ಖರ್ಚಿನ ಲೆಕ್ಕ ಎಲ್ಲವೂ ಸೇರಿ ಎರಡೂ ಕಡೆಯವರು ತಮ್ಮ ತಮ್ಮ ಮನೆಗೆ ಮರಳಿದರು. ಈ ನಡುವೆ 2014ರಲ್ಲಿ ಸ್ಥಾಪಕ ಆರರ ಪೈಕಿ ಇನ್ನೊಂದಾದ ಉಟ್ರೆಕ್ಟ್ ಕೂಡ ಮಹಿಳಾ ತಂಡವನ್ನು ಕೈಬಿಟ್ಟಿತ್ತು.

2015–2016: ಮನೆಯ ಮಾಡು ಸೋರಿದಾಗ

ಇಲ್ಲಿಂದ ಮುಂದಿನದನ್ನು ಬರೆಯುವಾಗ ಸ್ಮರಣ ಸಂಚಿಕೆಯ ಲೇಖಕರು ಸಾಮಾನ್ಯವಾಗಿ ದನಿ ತಗ್ಗಿಸುತ್ತಾರೆ. ನಾನೂ ಹೆಚ್ಚು ಎಳೆಯುವುದಿಲ್ಲ. ಆದರೆ ಹೇಳದೆ ಬಿಟ್ಟರೆ ಈ ತಂಡದ ನಿಜವಾದ ಕಸುವು ಅರ್ಥವಾಗುವುದಿಲ್ಲ.

ಪುರುಷರ ತಂಡದ ಏರುಗಾಲದ ವೈಭವ ಸಾಲದ ಮೇಲೆ ನಿಂತಿತ್ತೆಂದು ಮುಂದೆ ತಿಳಿಯಿತು. ಆಟಗಾರರ ವರ್ಗಾವಣೆ ಹಕ್ಕುಗಳ ಬಗ್ಗೆ ಹೊರಗಿನ ಹೂಡಿಕೆ ಕಂಪನಿಯೊಂದಿಗೆ ಮಾಡಿಕೊಂಡಿದ್ದ ಒಪ್ಪಂದದ ವಿವರವನ್ನು ರಾಷ್ಟ್ರೀಯ ಸಂಸ್ಥೆಯಿಂದ ಮುಚ್ಚಿಟ್ಟದ್ದು 2015ರ ಕೊನೆಯಲ್ಲಿ ಹೊರಬಿತ್ತು. ಕೆಎನ್‌ವಿಬಿ ಕ್ಲಬ್ಬಿನ ಪುರುಷರ ತಂಡವನ್ನು ಮೂರು ವರ್ಷ ಯುರೋಪಿನ ಪಂದ್ಯಾವಳಿಗಳಿಂದ ಹೊರಗಿಟ್ಟಿತು. 2016ರ ಮೇ ತಿಂಗಳಲ್ಲಿ ಎರಡನೇ ದರ್ಜೆಗೆ ಇಳಿಸುವ ತೀರ್ಮಾನವೂ ಬಂದು, ಮೇಲ್ಮನವಿಯಲ್ಲಿ ಅದು ರದ್ದಾಯಿತು. ಆಡಳಿತ ಬದಲಾಯಿತು, ಸಿಬ್ಬಂದಿ ಕಡಿಮೆಯಾದರು, ಊರಿನ ನಗರಸಭೆಯಿಂದ ಹಿಡಿದು ಸಾಮಾನ್ಯ ಅಭಿಮಾನಿಯವರೆಗೆ ಎಲ್ಲರೂ ಕಂಗೆಟ್ಟರು.

ಇಂಥ ಹೊತ್ತಿನಲ್ಲಿ ಕತ್ತರಿ ಮೊದಲು ಎಲ್ಲಿ ಆಡುತ್ತದೆ ಎಂಬುದಕ್ಕೆ ಅಲ್ಕ್‌ಮಾರ್, ಟಿಲ್‌ಬರ್ಗ್, ಉಟ್ರೆಕ್ಟ್‌ಗಳ ಉದಾಹರಣೆ ಕಣ್ಣೆದುರಿಗೇ ಇತ್ತು. ಎನ್‌ಸ್ಕೆಡೆಯಲ್ಲಿ ಹಾಗಾಗಲಿಲ್ಲ. ಅದಕ್ಕೆ ಒಬ್ಬಿಬ್ಬರ ಹೆಸರು ಹೇಳಿ ಮುಗಿಸುವುದು ನ್ಯಾಯವಲ್ಲ. ಕಡಿಮೆ ಹಣದಲ್ಲಿ ಆಡಲು ಒಪ್ಪಿ ಉಳಿದ ಆಟಗಾರ್ತಿಯರು, ಸಣ್ಣ ಸಣ್ಣ ಮೊತ್ತ ಕೊಟ್ಟ ಸೀಮೆಯ ವ್ಯಾಪಾರಿಗಳು, ಭಾನುವಾರ ಬಂದು ಚಹಾ ಕಾಯಿಸಿಕೊಡುವ ಸ್ವಯಂಸೇವಕರು, ಇವರ ನೆರವಿಲ್ಲದೆ ಯಾವ ಡಚ್ ಮಹಿಳಾ ತಂಡವೂ ಆ ದಿನಗಳನ್ನು ದಾಟಲಾರದಿತ್ತು.

ತಮಾಷೆಯೆಂದರೆ, ಹೆಣ್ಣುಮಕ್ಕಳು ಯುರೋಪಿನಲ್ಲಿ ಹೆಸರು ಮಾಡಿದ್ದು ಇದೇ ಕಾಲದಲ್ಲಿ. 2015ರ ಶರತ್ಕಾಲದಲ್ಲಿ ಚಾಂಪಿಯನ್ಸ್ ಲೀಗ್‌ನ ಮೊದಲ ಸುತ್ತಿಗೆ ಎದುರಾಳಿಯಾಗಿ ಬಂದದ್ದು ಜರ್ಮನಿಯ ಚಾಂಪಿಯನ್ ಬಯರ್ನ್ ಮ್ಯೂನಿಕ್. ಎರಡು ಪಂದ್ಯ ಮುಗಿದಾಗ ಒಟ್ಟು ಗೋಲುಗಳು ಸಮ. ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬ ಅಂದಿನ ನಿಯಮದ ಬಲದಿಂದ ಬಯರ್ನ್ ಹೊರಬಿತ್ತು, ಟ್ವೆಂಟೆ ಮುಂದೆ ಹೋಯಿತು. ಮುಂದಿನ ಸುತ್ತಿನಲ್ಲಿ ಬಾರ್ಸಿಲೋನಾ ತಡೆಯಿತು. ಮರುವರ್ಷ ಸ್ಪಾರ್ಟಾ ಪ್ರಾಗ್ ತಂಡವನ್ನು ಮಣಿಸಿ ಮತ್ತೆ ಅದೇ ಬಾರ್ಸಿಲೋನಾಕ್ಕೆ ಶರಣಾಯಿತು. 2016–17ರಲ್ಲಿ ಪುರುಷರ ತಂಡಕ್ಕೆ ಯುರೋಪಿನ ಬಾಗಿಲು ಮುಚ್ಚಿದ್ದಾಗ, ಬಿಳಿ ಕುದುರೆಯ ಲಾಂಛನವನ್ನು ಗಡಿಯಾಚೆ ಹೊತ್ತು ತಿರುಗಿದವರು ಈ ಹುಡುಗಿಯರು. ಬಾಡಿಗೆಯವರು ಎಂದುಕೊಂಡವರೇ ಮನೆಯ ಮಾನ ಕಾಪಾಡಿದರು ಎಂದರೆ ಉತ್ಪ್ರೇಕ್ಷೆಯಲ್ಲ. ಮರಳಿ ಆರಂಭವಾದ ಡಚ್ ಲೀಗಿನ 2015–16ರ ಪ್ರಶಸ್ತಿಯೂ ಅವರಿಗೇ ಸಿಕ್ಕಿತ್ತು.

2017ರ ಆಗಸ್ಟ್ 6

ಆ ವರ್ಷ ಯುರೋ ಟೂರ್ನಿಯ ಆತಿಥ್ಯ ನೆದರ್ಲೆಂಡ್ಸ್‌ನದು. ಉಟ್ರೆಕ್ಟ್, ರಾಟರ್‌ಡ್ಯಾಮ್, ಟಿಲ್‌ಬರ್ಗ್, ಬ್ರೆಡಾ, ಡೆವೆಂಟರ್, ಡೂಟಿನ್‌ಹೆಮ್‌ಗಳಲ್ಲಿ ಪಂದ್ಯಗಳು ಹಂಚಿಹೋದವು. ಆತಿಥೇಯರ ಸೆಮಿಫೈನಲ್ ಮತ್ತು ಫೈನಲ್ ಮಾತ್ರ ಎನ್‌ಸ್ಕೆಡೆಗೆ ಬಂದವು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಐವತ್ತು ಸಾವಿರ ಜನ ಕೂರುವ ಕ್ರೀಡಾಂಗಣ ಇರುವಾಗ ಗಡಿಯೂರಿಗೆ ಫೈನಲ್ ಯಾಕೆ ಎಂದು ಕೇಳಿದವರು ಇದ್ದಿರಬಹುದು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡನ್ನು 3–0ಯಿಂದ ಸೋಲಿಸಿದ ರಾತ್ರಿಯೇ ಆ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಫೈನಲ್‌ನಲ್ಲಿ ಡೆನ್ಮಾರ್ಕ್ ಆರನೇ ನಿಮಿಷಕ್ಕೇ ಪೆನಾಲ್ಟಿಯಿಂದ ಮುನ್ನಡೆ ಸಾಧಿಸಿತು. ನಾಲ್ಕು ನಿಮಿಷದಲ್ಲಿ ಮಿಡೆಮಾ ಸಮ ಮಾಡಿದಳು. ಲೀಕೆ ಮಾರ್ಟೆನ್ಸ್ ಎರಡನೆಯದನ್ನು ಹೊಡೆದಳು, ಡೆನ್ಮಾರ್ಕಿನ ಪರ್ನಿಲೆ ಹಾರ್ಡರ್ ಮತ್ತೆ ಸಮ ಮಾಡಿದಳು. ವಿರಾಮಕ್ಕೆ 2–2. ಐವತ್ತೊಂದನೇ ನಿಮಿಷದಲ್ಲಿ ಡಚ್ಚರಿಗೆ ಫ್ರೀಕಿಕ್ ಸಿಕ್ಕಿತು. ಚೆಂಡಿನ ಮುಂದೆ ನಿಂತದ್ದು ಶೆರಿಡಾ ಸ್ಪಿಟ್ಸೆ. ಟ್ವೆಂಟೆಯ ಜೆರ್ಸಿ ತೊಟ್ಟು ಇದೇ ಊರಿನಲ್ಲಿ ಆಡಿದವಳು. ಎದುರು ಗೋಡೆ ಕಟ್ಟಿ ನಿಂತವರ ಬದಿಯಿಂದ ಚೆಂಡು ನೆಲದ ಮೇಲೇ ಜಾರಿ ಗೋಲಿನ ಮೂಲೆ ಸೇರಿತು. ಕೊನೆಯ ನಿಮಿಷಗಳಲ್ಲಿ ಮಿಡೆಮಾ ಇನ್ನೊಂದು ಸೇರಿಸಿ ಲೆಕ್ಕ 4–2ಕ್ಕೆ ಮುಗಿಸಿದಳು. ಕ್ರೀಡಾಂಗಣದಲ್ಲಿ ಆ ಸಂಜೆ 28,182 ಜನರಿದ್ದರು.

ಆ ರಾಷ್ಟ್ರೀಯ ತಂಡದಲ್ಲಿ ಟ್ವೆಂಟೆಯ ನೀರು ಕುಡಿದವರನ್ನು ಎಣಿಸಿದರೆ ಬೆರಳುಗಳು ಬೇಗ ಮುಗಿಯುತ್ತವೆ: ಸ್ಪಿಟ್ಸೆ, ಡೆಕ್ಕರ್, ವಾನ್ ಡೆ ಸಾಂಡನ್, ರೂರ್ಡ್, ಲಿನೆತ್ ಬೇರೆನ್‌ಸ್ಟೈನ್, ರೆನಾಟೆ ಯಾನ್ಸನ್. ವೀಗ್‌ಮನ್ ಅವರ ಬಲಗೈಯಾಗಿ ಬೆಂಚಿನಲ್ಲಿ ಕೂತಿದ್ದವರು ಟ್ವೆಂಟೆಯ ಮಾಜಿ ಕೋಚ್ ವ್ಯೂರಿಂಕ್. ಟೂರ್ನಿಯ ಹೊತ್ತಿಗೇ ಕೆಎನ್‌ವಿಬಿ ಮಹಿಳಾ ತಂಡದ ಲಾಂಛನದಲ್ಲಿ ಸಿಂಹವನ್ನು ತೆಗೆದು ಸಿಂಹಿಣಿಯನ್ನು ಇಟ್ಟಿತ್ತು. ಮೈದಾನ ಕೊಡಕೂಡದೆಂದ ಸಂಸ್ಥೆಯೇ ಅದು ಎಂಬುದನ್ನು ನೆನೆದರೆ ಅರವತ್ತೆರಡು ವರ್ಷದ ದೂರ ಎಷ್ಟೆಂದು ತಿಳಿಯುತ್ತದೆ.

ಗೆಲುವಿನ ಬೆಲೆಯನ್ನು ಕ್ಲಬ್ಬು ಬೇರೆ ರೀತಿಯಲ್ಲಿ ತೆತ್ತಿತು. ಆ ಬೇಸಿಗೆಯಲ್ಲೇ ರೂರ್ಡ್ ಮತ್ತು ಬೇರೆನ್‌ಸ್ಟೈನ್ ಇಬ್ಬರೂ ಬಯರ್ನ್ ಸೇರಿದರು. ಡಚ್ ಲೀಗಿನಲ್ಲಿ ಬೆಳೆದು ಜರ್ಮನಿ, ಇಂಗ್ಲೆಂಡಿಗೆ ಹೋಗುವ ಸಾಲು ಅಂದಿನಿಂದ ಇನ್ನೂ ಉದ್ದವಾಯಿತು. 2017, 2018ರ ರಾಷ್ಟ್ರೀಯ ಪ್ರಶಸ್ತಿಗಳು ಅಯಾಕ್ಸ್ ಪಾಲಾದವು.

2018–2019

2018ರಲ್ಲಿ ಪುರುಷರ ತಂಡ ಅಂಕಪಟ್ಟಿಯ ತಳಕ್ಕೆ ಬಿದ್ದು ಎರಡನೇ ದರ್ಜೆಗೆ ಇಳಿಯಿತು. ಮುಂದಿನ ಒಂದು ವರ್ಷ ಟ್ವೆಂಟೆಯ ಹೆಸರು ನೆದರ್ಲೆಂಡ್ಸ್‌ನ ಅಗ್ರ ದರ್ಜೆಯಲ್ಲಿ ಉಳಿದದ್ದು ಹೆಣ್ಣುಮಕ್ಕಳಿಂದ ಮಾತ್ರ. ಜರ್ಮನಿಯಿಂದ ಬಂದಿದ್ದ ಯುವ ಕೋಚ್ ಟಾಮಿ ಸ್ಟ್ರೂಟ್ ಹೊಸಬರನ್ನೇ ಕೂಡಿಸಿ ತಂಡ ಕಟ್ಟಿದರು. 2019ರ ವಸಂತದಲ್ಲಿ ಪುರುಷರು ಎರಡನೇ ದರ್ಜೆ ಗೆದ್ದು ಮೇಲೇರಿದರೆ, ಮಹಿಳೆಯರು ಮೊದಲ ದರ್ಜೆಯನ್ನೇ ಗೆದ್ದರು.

2020–2025: ಊರಿನ ಶಾಲೆ, ಜಗತ್ತಿನ ಅಂಗಳ

2019–20ರ ಋತುವನ್ನು ಕೊರೊನಾ ನುಂಗಿತು. ಚಾಂಪಿಯನ್ ಘೋಷಣೆಯೇ ಆಗಲಿಲ್ಲ. ನಂತರ 2021, 2022ರಲ್ಲಿ ಸತತ ಪ್ರಶಸ್ತಿ ಗೆದ್ದು, 2023ರಲ್ಲಿ ಅಯಾಕ್ಸ್‌ಗೆ ಬಿಟ್ಟುಕೊಟ್ಟು, 2024 ಮತ್ತು 2025ರಲ್ಲಿ ಟ್ವೆಂಟೆ ಮತ್ತೆ ಮೇಲೆದ್ದಿತು. ಸ್ಟ್ರೂಟ್ ವೋಲ್ಫ್ಸ್‌ಬರ್ಗ್‌ಗೆ ಹೋದ ಮೇಲೆ ರಾಬರ್ಟ್ ಡೆ ಪಾವ್, ಅನಂತರ ಯೊರಾನ್ ಪಾಟ್ ತರಬೇತಿ ವಹಿಸಿಕೊಂಡರು. ಕೋಚ್ ಬದಲಾದರೂ ಪದ್ಧತಿ ಬದಲಾಗಲಿಲ್ಲ: ಸೀಮೆಯ ಹುಡುಗಿಯರನ್ನು ಎಳೆಯ ವಯಸ್ಸಿನಲ್ಲೇ ಗುರುತಿಸು, ಓದು ನಿಲ್ಲದಂತೆ ನೋಡಿಕೋ, ಹದಿನೇಳು ಹದಿನೆಂಟಕ್ಕೆ ದೊಡ್ಡ ಪಂದ್ಯದಲ್ಲಿ ಆಡಿಸು. ರೆನಾಟೆ ಯಾನ್ಸನ್ 2015ರಿಂದ 2024ರವರೆಗೆ ಇಲ್ಲೇ ನೆಲೆನಿಂತು ಕಿರಿಯರಿಗೆ ದಾರಿ ತೋರಿದರು. ಫೆನ್ನಾ ಕಾಲ್ಮಾ 2021–22 ಮತ್ತು 2022–23ರಲ್ಲಿ ಲೀಗಿನ ಅತಿ ಹೆಚ್ಚು ಗೋಲು ಗಳಿಸಿ ವೋಲ್ಫ್ಸ್‌ಬರ್ಗ್‌ಗೆ ತೆರಳಿದಳು.

ಈ ಪದ್ಧತಿ ಹೇಗೆ ಫಲಿಸಿತು ಎನ್ನಲು ಗೋಲ್‌ಕೀಪರ್ ಡಾಫ್ನೆ ವಾನ್ ಡೊಮ್ಸೆಲಾರ್ ಒಬ್ಬಳ ಕಥೆ ಸಾಕು. 2022ರ ಜುಲೈ 9ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಯುರೋ ಟೂರ್ನಿಯ ಮೊದಲ ಪಂದ್ಯ, ಎದುರಿಗೆ ಸ್ವೀಡನ್. ಇಪ್ಪತ್ತೆರಡನೇ ನಿಮಿಷದಲ್ಲಿ ನಾಯಕಿಯೂ ಆಗಿದ್ದ ಅನುಭವಿ ಗೋಲ್‌ಕೀಪರ್ ಸಾರಿ ವಾನ್ ಫೇನೆಂಡಾಲ್ ಗಾಯಗೊಂಡು ಹೊರನಡೆದಳು. ಬೆಂಚಿನಿಂದ ಎದ್ದು ಕೈಗವಸು ಬಿಗಿದುಕೊಂಡು ಬಂದದ್ದು ಟ್ವೆಂಟೆಯ ಡಾಫ್ನೆ. ಪಂದ್ಯ 1–1ಕ್ಕೆ ಮುಗಿಯಿತು. ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್‌ನವರು ಬೆನ್ನುಬೆನ್ನಿಗೆ ಹೊಡೆದ ಹೊಡೆತಗಳನ್ನೆಲ್ಲ ತಡೆದು ನಿಂತ ಅವಳನ್ನು ಕೊನೆಗೆ ಮಣಿಸಿದ್ದು ಹೆಚ್ಚುವರಿ ಸಮಯದ ಒಂದು ಪೆನಾಲ್ಟಿ. ಒಂದು ತಿಂಗಳ ಹಿಂದೆ ಹೊರನಾಡಿನವರಿಗೆ ಹೆಸರೇ ಗೊತ್ತಿರದ ಹುಡುಗಿ ಮುಂದೆ ಆಸ್ಟನ್ ವಿಲ್ಲಾ, ಅಲ್ಲಿಂದ ಆರ್ಸೆನಲ್ ಸೇರಿ 2025ರಲ್ಲಿ ಯುರೋಪಿನ ಚಾಂಪಿಯನ್ ತಂಡದ ಗೋಲ್‌ಕೀಪರ್ ಆದಳು.

ಲೀಗೂ ಈ ನಡುವೆ ಮೈಕೈ ತುಂಬಿಕೊಂಡಿತು. 2022ರಲ್ಲಿ ಫಾರ್ಚುನಾ ಸಿಟ್ಟಾರ್ಡ್ ಬಂತು. ಹಿಂದೆ ಬಾಗಿಲು ಹಾಕಿದ್ದ ಎಜೆಡ್, ಉಟ್ರೆಕ್ಟ್ ಎರಡೂ 2023ರಲ್ಲಿ ಮರಳಿ ಬಂದವು. ಕೆಎನ್‌ವಿಬಿಯಲ್ಲಿ ಹೆಸರು ನೋಂದಾಯಿಸಿದ ಹುಡುಗಿಯರು ಮತ್ತು ಮಹಿಳೆಯರ ಸಂಖ್ಯೆ ಒಂದೂವರೆ ಲಕ್ಷದ ಆಸುಪಾಸಿಗೆ ಮುಟ್ಟಿತು. ಆದರೂ ಸಾಮಾನ್ಯ ಲೀಗ್ ಪಂದ್ಯದ ದಿನ ಪ್ರೇಕ್ಷಕರ ಲೆಕ್ಕ ಇಂಗ್ಲೆಂಡಿನ ಹತ್ತಿರಕ್ಕೂ ಸುಳಿಯುವುದಿಲ್ಲ, ಸಂಬಳವೂ ಅಷ್ಟೇ. ಬೆಳೆಸಿದವರನ್ನು ಉಳಿಸಿಕೊಳ್ಳುವ ತಾಕತ್ತು ಇನ್ನೂ ಬಂದಿಲ್ಲ. ಇದನ್ನು ದೋಷವೆಂದು ನೋಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ವರ್ಷ ವರ್ಷ ಐದಾರು ಜನರನ್ನು ಕಳಿಸಿಕೊಟ್ಟೂ ಮರುವರ್ಷ ಪ್ರಶಸ್ತಿಗೆ ಸೆಣಸುವ ತಂಡಕ್ಕೆ ಬೇರೆಯದೇ ಬಗೆಯ ಶ್ರೀಮಂತಿಕೆ ಇರಬೇಕು.

2024ರಲ್ಲಿ ಟ್ವೆಂಟೆ ಮೊದಲ ಬಾರಿಗೆ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ಬಂತು. ಚೆಲ್ಸಿ, ರಿಯಲ್ ಮ್ಯಾಡ್ರಿಡ್, ಸೆಲ್ಟಿಕ್ ಜೊತೆಗಾರರು. ಸೆಲ್ಟಿಕ್ ತಂಡವನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿ, ಉಳಿದಿಬ್ಬರ ಕೈಯಲ್ಲಿ ಸೋತು ಮೂರನೇ ಸ್ಥಾನಕ್ಕೆ ನಿಂತಿತು. ಆ ಪಂದ್ಯಗಳು ಗ್ರೋಲ್ಶ್ ವೆಸ್ಟೆಯಲ್ಲೇ ನಡೆದವು. 2025ರ ಬೇಸಿಗೆಯಲ್ಲಿ ಬಯರ್ನ್, ಆರ್ಸೆನಲ್, ವೋಲ್ಫ್ಸ್‌ಬರ್ಗ್, ಮ್ಯಾಂಚೆಸ್ಟರ್ ಸಿಟಿಗಳನ್ನು ಸುತ್ತಿ ಜಿಲ್ ರೂರ್ಡ್ ತವರಿಗೆ ಮರಳಿದಳು. ಇಪ್ಪತ್ತೆಂಟರ ವಯಸ್ಸು, ಆಟ ಇನ್ನೂ ಉಚ್ಛ್ರಾಯದಲ್ಲಿದ್ದಾಗ. ಅದೇ ವರ್ಷ ವ್ಯೂರಿಂಕ್ ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಆದರು. ಅಕ್ಟೋಬರ್ 8ರಂದು ಹೊಸ ಮಾದರಿಯ ಚಾಂಪಿಯನ್ಸ್ ಲೀಗ್‌ನ ಮೊದಲ ಪಂದ್ಯಕ್ಕೆ ಎನ್‌ಸ್ಕೆಡೆಗೆ ಬಂದದ್ದು ಮತ್ತೆ ಚೆಲ್ಸಿ. ಟ್ವೆಂಟೆಯಲ್ಲೇ ಬೆಳೆದು 2024ರಲ್ಲಿ ಲಂಡನ್ನಿಗೆ ಹೋದ ವೀಕೆ ಕಾಪ್ಟೈನ್ ಆಗ ಆ ತಂಡದಲ್ಲಿದ್ದಳು. ಪಂದ್ಯ 1–1ರಲ್ಲಿ ಸಮವಾಯಿತು. ಟ್ವೆಂಟೆಯ ಗೋಲು ಡಾನಿಕ್ ವಾನ್ ಗಿಂಕೆಲ್‌ಳದು.